ಸದ್ದಿಲ್ಲದ ಗೇಮಿಂಗ್ ಪಿಸಿ: ಮೊದಲು ಬಿಸಿ ಇಳಿಸಿ, ಫ್ಯಾನ್ ಆಮೇಲೆ

ಪ್ರಶ್ನೆ: ನಮ್ಮ ಮನೆ ಮಂಡ್ಯದಲ್ಲಿ. ಮನೆ ಚಿಕ್ಕದು, ನನ್ನ ರೂಮಲ್ಲೇ ಅಜ್ಜಿ ಮಲಗುತ್ತಾರೆ. ಈಗಿರುವ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಆಟ ಶುರು ಮಾಡಿದರೆ ಸಾಕು, "ಅದ್ಯಾವ ಮಿಲ್ಲು ಓಡುಸ್ತಿದ್ದೀಯೋ ಮಗ" ಅಂತಾರೆ. ಅದಕ್ಕೇ ಪಿಸಿ ಮಾಡಿಸಬೇಕು ಅಂದುಕೊಂಡಿದ್ದೇನೆ. ಚಿಕ್ಕದಾಗಿರಬೇಕು, ಸದ್ದು ಇರಬಾರದು, ಪದೇ ಪದೇ ಬಿಚ್ಚುವ ತಲೆನೋವು ಇರಬಾರದು. ಮಾನಿಟರ್ 1080ಪಿ, 75 ಹರ್ಟ್ಸ್‌ನದು ಇದೆ. ವ್ಯಾಲೊರೆಂಟ್ ಜಾಸ್ತಿ ಆಡುತ್ತೇನೆ, ಆಗಾಗ ದೊಡ್ಡ ಆಟಗಳು. ವಾಟರ್ ಕೂಲಿಂಗ್ ಹಾಕಿಸಲಾ? ಫ್ಯಾನೇ ಇಲ್ಲದ ಪಿಸಿ ಸಿಗುತ್ತಂತೆ, ಅದು ಆಗುತ್ತಾ? ನಮ್ಮ ಮನೆ ಹತ್ತಿರ ಆಲೆಮನೆ ಇದೆ, ಬೂದಿ ಹಾರಿ ಬರುತ್ತದೆ. ಅದಕ್ಕೇನು ಮಾಡಲಿ?

ಉತ್ತರ: ನಿಮ್ಮ ಅಜ್ಜಿ ಸರಿಯಾಗೇ ಹೇಳಿದ್ದಾರೆ. ಲ್ಯಾಪ್‌ಟಾಪ್ ಒಳಗಿನ ಫ್ಯಾನು ಅಂಗೈಗಿಂತ ಚಿಕ್ಕದು. ನೂರು ವ್ಯಾಟ್‌ಗೂ ಜಾಸ್ತಿ ಬಿಸಿಯನ್ನು ಅದು ಒಂದು ಬೆರಳಗಲದ ಸಂದಿಯಿಂದ ಆಚೆ ಹಾಕಬೇಕು. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗದೆ ಅದರ ಕೈಲಿ ಆಗದು. ಮಿಲ್ಲಿನ ಸದ್ದು ಬರುವುದು ಅಲ್ಲಿಂದಲೇ.

ನನ್ನ ಹತ್ತಿರ ಪಿಸಿ ಮಾಡಿಸಲು ಬರುವವರು ಮೊದಲು ಕೇಳುವುದು "ಸದ್ದಿಲ್ಲದ ಫ್ಯಾನ್ ಯಾವುದು ಸಾರ್" ಅಂತ. ಫ್ಯಾನಿಗೆ ಸುಮ್ನೆ ತಿರುಗುವ ಚಟ ಇಲ್ಲ. ಬಿಸಿ ಇದ್ದರೆ ತಿರುಗುತ್ತದೆ. ಬಿಸಿಯೇ ಕಡಿಮೆ ಹುಟ್ಟುವ ಹಾಗೆ ಮಾಡಿಕೊಂಡರೆ ಸಾಧಾರಣ ಫ್ಯಾನೂ ತೆಪ್ಪಗಿರುತ್ತದೆ. ನಿಮ್ಮ ಮೂರು ಆಸೆಗಳಲ್ಲಿ ಸದ್ದು ಮತ್ತು ನಿರ್ವಹಣೆ ಒಂದೇ ದಾರಿಯವು, ಎರಡೂ ಒಟ್ಟಿಗೆ ಸಿಗುತ್ತವೆ. ಜಗಳ ಇರುವುದು ಮೂರನೆಯದರ ಜೊತೆ. ಪೆಟ್ಟಿಗೆ ತೀರಾ ಚಿಕ್ಕದಾದರೆ ಉಳಿದೆರಡೂ ಕೈತಪ್ಪುತ್ತವೆ.

ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಕೆಲವು ವರ್ಷದ ಹಿಂದೆ ಮೈಸೂರಿನ ನಮ್ಮ ಮನೆಗೆ 10 ಲೀಟರ್‌ನ ಪೆಟ್ಟಿಗೆಯಲ್ಲಿ ಒಂದು ಪಿಸಿ ಮಾಡಿಕೊಂಡೆ. ನೋಡಲು ಎಷ್ಟು ಮುದ್ದು ಅಂದರೆ ಬಂದವರೆಲ್ಲ ಮುಟ್ಟಿ ನೋಡೋರು. ಒಳಗೆ ಜಾಗ ಇಲ್ಲದ್ದಕ್ಕೆ ಪ್ರೊಸೆಸರ್ ಮೇಲೆ ನಾಲ್ಕು ಸೆಂಟಿಮೀಟರ್ ಎತ್ತರವೂ ಇಲ್ಲದ ಕೂಲರ್ ಹಾಕಿದ್ದೆ. ಡಿಸೆಂಬರ್‌ನಲ್ಲಿ ಚೆನ್ನಾಗೇ ಇತ್ತು. ಮಾರ್ಚ್ ಬಂತು ನೋಡಿ, ಸೊಳ್ಳೆ ಕಿವಿಯಲ್ಲಿ ಹಾಡಿದ ಹಾಗೆ ಕುಂಯ್ ಅನ್ನಲು ಶುರು. ಒಂದು ಕೇಬಲ್ ಬದಲಿಸಬೇಕಾದರೂ ಅರ್ಧ ಪಿಸಿ ಬಿಚ್ಚಬೇಕಿತ್ತು. ಎಂಟು ತಿಂಗಳಿಗೆ ಮಾರಿಬಿಟ್ಟೆ.

ಫ್ಯಾನಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಏಮಾರಿಸಲು ಆಗಲ್ಲ. ಒಂದು ಫ್ಯಾನಿನ ವೇಗ ಎರಡರಷ್ಟಾದರೆ ಗಾಳಿ ಎರಡರಷ್ಟು ಬರುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಏರುತ್ತದೆ. ಹತ್ತು ಡೆಸಿಬಲ್ ಏರಿದರೇ ನಮ್ಮ ಕಿವಿಗೆ ಸದ್ದು ದುಪ್ಪಟ್ಟಾದ ಹಾಗೆ ಕೇಳುತ್ತದೆ. ಆದರೆ ವೇಗ ಹಾಗೇ ಇಟ್ಟು ಅಂಥದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು ಬರೀ 3 ಡೆಸಿಬಲ್. ಈಗ ಕೂಡಿಸಿ ಕಳೆಯಿರಿ. ಒಂದು ಫ್ಯಾನನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ ಹೆಚ್ಚುಕಮ್ಮಿ ಅಷ್ಟೇ ಗಾಳಿ, 12 ಡೆಸಿಬಲ್ ಕಡಿಮೆ ಸದ್ದು. ಒಂಟಿ ಎತ್ತಿಗೆ ಚಾಟಿ ಬೀಸುವುದಕ್ಕಿಂತ ಜೋಡಿ ಎತ್ತು ಕಟ್ಟುವುದು ವಾಸಿ ಅಲ್ವಾ, ಹಾಗೆ. 120 ಮಿ.ಮೀ. ಫ್ಯಾನು 600ರಿಂದ 800 ಸುತ್ತಿನಲ್ಲಿ ತಿರುಗುತ್ತಿದ್ದರೆ ಮೂರಡಿ ದೂರದಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ನಮಗೆ ಬೇಕಿರುವುದು ಅಂಥ ಮೂರು ಫ್ಯಾನು ಕೂರುವ ಪೆಟ್ಟಿಗೆ.

ಪೆಟ್ಟಿಗೆಯ ಅಳತೆ ಲೀಟರ್‌ನಲ್ಲಿ ಹೇಳುತ್ತಾರೆ. ಮಾಮೂಲಿ ಟವರ್ ಕೇಸು 40ರಿಂದ 50 ಲೀಟರ್. ಚಿಕ್ಕ ಕೇಸುಗಳ ಪೈಕಿ ಹೆಸರಾದ ಕೂಲರ್ ಮಾಸ್ಟರ್ ಎನ್‌ಆರ್200 ಸುಮಾರು 18 ಲೀಟರ್. ಅಂದರೆ ಮನೆಗೆ ನೀರು ತರಿಸುವ 20 ಲೀಟರ್ ಕ್ಯಾನಿಗಿಂತ ಚಿಕ್ಕದು. ಲಿಯಾನ್ ಲಿ ಎ3 ಸುಮಾರು 26 ಲೀಟರ್. ನಿಮಗೆ ನಾನು ಹೇಳುವುದು ಎರಡನೆಯದು, ಅಥವಾ ಅದೇ ಅಳತೆಯ, ಜಾಲರಿ ಮೈಯ ಬೇರೆ ಯಾವುದಾದರೂ. ಕಾರಣ ಮದರ್‌ಬೋರ್ಡು, ಅಂದರೆ ಎಲ್ಲ ಬಿಡಿಭಾಗ ಕೂರುವ ಮುಖ್ಯ ಬೋರ್ಡು. ಎನ್‌ಆರ್200ಗೆ 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್ ಬೋರ್ಡೇ ಬೇಕು. ಅದಕ್ಕೆ ಬೆಲೆ ಜಾಸ್ತಿ, ರ‍್ಯಾಮ್‌ಗೆ ಎರಡೇ ಗೂಡು, ಕೆಟ್ಟರೆ ನಮ್ಮ ಕಡೆ ತಕ್ಷಣ ಬದಲಿ ಸಿಗುವುದೂ ಕಷ್ಟ. 244 ಮಿ.ಮೀ.ನ ಮೈಕ್ರೋ ಎಟಿಎಕ್ಸ್ ಆದರೆ ಮೈಸೂರಿನಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಂತೂ ರಾಶಿ ಬಿದ್ದಿರುತ್ತದೆ. ನಿರ್ವಹಣೆ ಕಡಿಮೆ ಇರಬೇಕು ಅನ್ನುವವರು ಊರಲ್ಲಿ ಸಿಗುವ ಸಾಮಾನನ್ನೇ ಆರಿಸಿಕೊಳ್ಳಬೇಕು.

ಪವರ್ ಸಪ್ಲೈ ವಿಷಯಕ್ಕೂ ಇದೇ ಮಾತು. ಪುಟ್ಟ ಕೇಸಿಗೆ ಹಾಕುವ ಎಸ್‌ಎಫ್‌ಎಕ್ಸ್ ಸಪ್ಲೈ ಒಳಗೆ ಪುಟ್ಟ ಫ್ಯಾನು, ದೊಡ್ಡ ಸದ್ದು. ಮಾಮೂಲಿ ಅಳತೆಯ ಎಟಿಎಕ್ಸ್ ಸಪ್ಲೈನಲ್ಲಿ 120 ಮಿ.ಮೀ. ಅಥವಾ ಅದಕ್ಕೂ ದೊಡ್ಡ ಫ್ಯಾನ್ ಇರುತ್ತದೆ. 650 ವ್ಯಾಟ್‌ನ, 80 ಪ್ಲಸ್ ಗೋಲ್ಡ್ ದರ್ಜೆಯ (ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು), ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವಂಥದ್ದು ತೆಗೆದುಕೊಳ್ಳಿ. ನಿಮ್ಮ ಪಿಸಿ ಆಟದ ಭರದಲ್ಲೂ ಎಳೆಯುವುದು 250 ವ್ಯಾಟ್ ಆಸುಪಾಸು. ಅಷ್ಟಕ್ಕೆ 650 ಯಾಕೆ ಅಂತ ಅಂಗಡಿಯವರೇ ಕೇಳಬಹುದು. ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ ಅದು ಬಿಸಿಯಾಗುವುದೇ ಕಡಿಮೆ, ಹಾಗಾಗಿ ಫ್ಯಾನ್ ಬಹುಪಾಲು ಹೊತ್ತು ನಿಂತೇ ಇರುತ್ತದೆ ಅಥವಾ ನಿಧಾನಕ್ಕೆ ತಿರುಗುತ್ತದೆ. ಇಲ್ಲಿ ಮಾತ್ರ ದುಡ್ಡು ಹಿಡಿಯಬೇಡಿ. ಕೇಸಿನ ಜೊತೆ ಪುಕ್ಕಟೆ ಬರುವ ಸಪ್ಲೈಯನ್ನು ಕೈಯಲ್ಲೂ ಮುಟ್ಟಬೇಡಿ.

ಇನ್ನು ಪ್ರೊಸೆಸರ್. ರೈಜೆನ್ 5 7600 ನಿಮಗೆ ಧಾರಾಳ. ಅದರ ಟಿಡಿಪಿ, ಅಂದರೆ ಕಂಪನಿ ಹೇಳುವ ಬಿಸಿಯ ಅಂದಾಜು, 65 ವ್ಯಾಟ್, ಎಷ್ಟೇ ದುಡಿಸಿದರೂ 88 ವ್ಯಾಟ್ ದಾಟದ ಹಾಗೆ ಕಡಿವಾಣ ಇದೆ. ಕೊನೆಗೆ ಎಕ್ಸ್ ಇರುವ 7600ಎಕ್ಸ್ 105 ವ್ಯಾಟ್‌ನದು. ಅದರಲ್ಲೂ ಇರುವುದು ಅದೇ ಆರು ಕೋರ್. ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ, ಬಿಸಿ ಮಾತ್ರ ಜಾಸ್ತಿ. ಇನ್ನೊಂದು, 7500ಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತೆ ಅಂತ ಹೇಳುವವರಿದ್ದಾರೆ. ಅದರೊಳಗೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಇಲ್ಲ. ನಾಳೆ ನಿಮ್ಮ ಗ್ರಾಫಿಕ್ಸ್ ಕಾರ್ಡು ವಾರಂಟಿಗೆ ಹೋಗಿ ಒಂದು ತಿಂಗಳು ಕೂತರೆ ಪಿಸಿ ಪೂರ್ತಿ ದಂಡ. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಒಳಗೇ ಇರುವುದರಿಂದ ಅಷ್ಟು ದಿನ ಉಳಿದ ಕೆಲಸವಾದರೂ ಸಾಗುತ್ತದೆ. ಜೊತೆಗೆ ಡಬ್ಬದಲ್ಲಿ ಬರುವ ಗಿಡ್ಡ ಕೂಲರ್ ಕೆಲಸ ಮಾಡುತ್ತದೆ, ಆದರೆ ಸದ್ದು ಮಾಡಿಕೊಂಡೇ ಮಾಡುತ್ತದೆ. 120 ಮಿ.ಮೀ. ಫ್ಯಾನಿನ, ಗೋಪುರದ ಹಾಗೆ ಎತ್ತರ ನಿಲ್ಲುವ ಟವರ್ ಕೂಲರ್ ಹಾಕಿಸಿ. ಕೊಳ್ಳುವ ಮುಂಚೆ ಕೂಲರ್ ಎತ್ತರವನ್ನೂ ಕೇಸಿನ ವಿವರದಲ್ಲಿ ಕೊಟ್ಟಿರುವ ಮಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಾಲ್ಕೈದು ಮಿ.ಮೀ. ಮಿಗಬೇಕು. ಇದನ್ನು ನೋಡದೆ ಕೊಂಡು, ಪಕ್ಕದ ಬಾಗಿಲು ಮುಚ್ಚಲಾಗದೆ ತೆಗೆದಿಟ್ಟುಕೊಂಡೇ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ.

ಗ್ರಾಫಿಕ್ಸ್ ಕಾರ್ಡೇ ಬಿಸಿಯ ಯಜಮಾನ. ಪಿಸಿಯ ಅರ್ಧಕ್ಕಿಂತ ಜಾಸ್ತಿ ಬಿಸಿ ಅಲ್ಲೇ ಹುಟ್ಟುವುದು. ಆರ್‌ಟಿಎಕ್ಸ್ 5060 ಎಳೆಯುವುದು 145 ವ್ಯಾಟ್, ಅದರಲ್ಲಿ 8 ಜಿಬಿ ಮೆಮೊರಿ. ಆರ್‌ಎಕ್ಸ್ 9060 ಎಕ್ಸ್‌ಟಿ ತೆಗೆದುಕೊಂಡರೆ 160 ವ್ಯಾಟ್, 16 ಜಿಬಿಯದು ಸಿಗುತ್ತದೆ. ವ್ಯಾಲೊರೆಂಟ್‌ಗೆ ಎರಡೂ ಅತಿ ಆಯಿತು. ಆದರೆ ದೊಡ್ಡ ಆಟಗಳೂ ಬೇಕು, ಪದೇ ಪದೇ ಪಿಸಿ ಬಿಚ್ಚಬಾರದು ಅನ್ನುತ್ತೀರಲ್ಲ, ಅದಕ್ಕೆ 16 ಜಿಬಿಯದೇ ಸರಿ. ಈಗಲೇ ಕೆಲವು ಹೊಸ ಆಟಗಳಿಗೆ 8 ಜಿಬಿ ಬಿಗಿಯಾಗುತ್ತಿದೆ. ಒಂದೇ ಚಿಪ್ಪಿನ ಕಾರ್ಡನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಅದರಲ್ಲಿ ದಪ್ಪ ಹೀಟ್‌ಸಿಂಕ್ (ಬಿಸಿ ಹೀರಿ ಹರಡುವ ಲೋಹದ ತಗಡುಗಳು) ಇರುವ, ಸುಮ್ಮನಿದ್ದಾಗ ಫ್ಯಾನ್ ಪೂರ್ತಿ ನಿಲ್ಲಿಸುವ ಮಾಡೆಲ್ ಹುಡುಕಿ. ಚಿಕ್ಕ ಕೇಸು ಅಂತ ಒಂಟಿ ಫ್ಯಾನಿನ ಪುಟ್ಟ ಕಾರ್ಡು ಕೊಂಡರೆ ಅಜ್ಜಿ ಮತ್ತೆ ಮಿಲ್ಲು ಅಂತಾರೆ.

ರ‍್ಯಾಮು, ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ. ರ‍್ಯಾಮ್ ಡಿಡಿಆರ್5, 6000 ವೇಗದ ಜೋಡಿ, ದೀಪಗಿಪ ಇಲ್ಲದ್ದು. ಬೋರ್ಡಿಗೇ ನೇರ ಸಿಕ್ಕಿಸುವ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ. ಅಷ್ಟೇ. ಹಳೇ ಹಾರ್ಡ್‌ಡಿಸ್ಕ್ ಇದೆ ಅಂತ ಅದನ್ನು ಒಳಗೆ ತುರುಕಬೇಡಿ. ಮೆತ್ತಗಿನ ಪಿಸಿಯಲ್ಲಿ ಕೊನೆಗೆ ಕೇಳುವ ಸದ್ದು ಅದೊಂದೇ ಆಗಿರುತ್ತದೆ. ಹೊರಗಡೆ ಡಬ್ಬಕ್ಕೆ ಹಾಕಿಸಿ, ಬೇಕಾದಾಗ ಮಾತ್ರ ಚುಚ್ಚಿ.

ವಾಟರ್ ಕೂಲಿಂಗ್ ಬೇಡ. ಅದು ಕೆಟ್ಟದ್ದು ಅಂತಲ್ಲ, 200 ವ್ಯಾಟ್ ದಾಟುವ ಪ್ರೊಸೆಸರಿಗೆ ಬೇಕಾಗಬಹುದು. ನಿಮ್ಮದು 88ರದ್ದು. ವಾಟರ್ ಕೂಲರ್‌ನಲ್ಲೂ ರೇಡಿಯೇಟರಿಗೆ ಫ್ಯಾನ್ ಇದ್ದೇ ಇರುತ್ತದೆ. ಅದರ ಮೇಲೆ ಒಂದು ಪಂಪು ಪಿಸಿ ಆನ್ ಇರುವಷ್ಟು ಹೊತ್ತೂ ಓಡುತ್ತಿರಬೇಕು, ಅದರ ಸಣ್ಣ ಗುಯ್ ಸದ್ದು ಬೇರೆ. ರಬ್ಬರ್ ಪೈಪಿನ ಮೂಲಕ ನೀರು ವರ್ಷಗಟ್ಟಲೆ ಕಣ್ಣಿಗೆ ಕಾಣದ ಹಾಗೆ ಆವಿಯಾಗುತ್ತಾ ಹೋಗುತ್ತದೆ. ಐದಾರು ವರ್ಷಕ್ಕೆ ಪಂಪು ನಿಂತರೆ ಇಡೀ ಸೆಟ್ಟೇ ಕಸಕ್ಕೆ. ಗಾಳಿ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ. ನಾಲ್ಕು ನಿಮಿಷದಲ್ಲಿ ಹೊಸದು ಹಾಕಬಹುದು. ತಾಮ್ರ, ಅಲ್ಯೂಮಿನಿಯಂನ ಆ ಗೋಪುರ ನಿಮ್ಮ ಮುಂದಿನ ಪಿಸಿಗೂ ಬರುತ್ತದೆ.

ಫ್ಯಾನೇ ಇಲ್ಲದ ಪಿಸಿ ಇರುವುದು ನಿಜ. ಕೇಸಿನ ಮೈಯೇ ಹೀಟ್‌ಸಿಂಕ್ ಆಗಿರುತ್ತದೆ. ಆಫೀಸ್ ಕೆಲಸಕ್ಕೆ ಚೆಂದ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಪಿಸಿಗೆ, ಅದೂ ಮಂಡ್ಯದ ಏಪ್ರಿಲ್‌ನಲ್ಲಿ, ಬೇಡವೇ ಬೇಡ. ಯಾವ ಕೂಲರ್ರೂ ಪಿಸಿಯನ್ನು ರೂಮಿಗಿಂತ ತಣ್ಣಗೆ ಮಾಡಲಾರದು. ರೂಮಿನ ಬಿಸಿಯ ಮೇಲೆ ಇಷ್ಟು ಡಿಗ್ರಿ ಅಂತ ಲೆಕ್ಕ. ಡಿಸೆಂಬರ್ ರಾತ್ರಿ 22 ಡಿಗ್ರಿ ಇದ್ದಾಗ 65ರಲ್ಲಿ ಓಡುವ ಕಾರ್ಡು, ರೂಮು 35 ಆದಾಗ ಅದೇ ಫ್ಯಾನ್ ವೇಗದಲ್ಲಿ 78ಕ್ಕೆ ಹೋಗುತ್ತದೆ. ತಂಪು ದೇಶಗಳ ವಿಡಿಯೊ ನೋಡಿ ಪಿಸಿ ಮಾಡಿಸುವವರು ಎಡವುವುದು ಇಲ್ಲೇ.

ವ್ಯಾಲೊರೆಂಟ್ ಬಿಟ್ಟರೆ ಬೇರೇನೂ ಆಡಲ್ಲ ಅಂತ ಎದೆ ಮುಟ್ಟಿಕೊಂಡು ಹೇಳುವಂತಿದ್ದರೆ ಇನ್ನೊಂದು ಸುಲಭದ ದಾರಿ ಇದೆ. ರೈಜೆನ್ 5 8600ಜಿ ಒಳಗೇ ರೇಡಿಯಾನ್ 760ಎಂ ಗ್ರಾಫಿಕ್ಸ್ ಇದೆ. ಕಾರ್ಡೇ ಬೇಡ, ಖರ್ಚೂ ಇಳಿಯುತ್ತದೆ, ಪೆಟ್ಟಿಗೆಯೂ ಇನ್ನೂ ಚಿಕ್ಕದಾಗುತ್ತದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ "ಆಗಾಗ ದೊಡ್ಡ ಆಟಗಳು" ಅಂತ ಇದೆ. ಆ "ಆಗಾಗ" ಅನ್ನುವುದು ಮೂರು ತಿಂಗಳಲ್ಲಿ "ದಿನಾ" ಆಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಬೂದಿಯ ವಿಷಯ. ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಾರಲ್ಲ, ಆ ಕರಿ ಬೂದಿ ಹಗುರ. ಫಿಲ್ಟರ್ ಇದ್ದರೆ ಬಹುಪಾಲು ಹೊರಗೇ ನಿಲ್ಲುತ್ತದೆ. ಅದಕ್ಕಿಂತ ಕಾಟ ಕೊಡುವುದು ಒಗ್ಗರಣೆಯ ಎಣ್ಣೆ ಹೊಗೆ ಮತ್ತು ಊದುಬತ್ತಿ. ಇವೆರಡೂ ಅಂಟು. ಫ್ಯಾನಿನ ರೆಕ್ಕೆಗೆ ಮೊದಲು ಅಂಟು ಕೂತು, ಅದರ ಮೇಲೆ ಬೂದಿ ಕೂತು ಗಟ್ಟಿಯಾದರೆ ಬ್ಲೋವರಿಗೂ ಬಗ್ಗಲ್ಲ. ಆದ್ದರಿಂದ ಪಿಸಿ ಇಡುವ ಜಾಗ ಅಡುಗೆಮನೆ ಬಾಗಿಲು, ದೇವರ ಗೂಡು ಎರಡರಿಂದಲೂ ದೂರ ಇರಲಿ. ನೆಲದ ಮೇಲಂತೂ ಬೇಡ, ಪೊರಕೆ ಆಡಿದಾಗ ಏಳುವ ದೂಳೆಲ್ಲ ಸೀದಾ ಒಳಗೆ ಹೋಗುತ್ತದೆ.

ಒಳಗೆ ಗಾಳಿ ಎಳೆಯುವ ಫ್ಯಾನು ಎರಡು, ಆಚೆ ಹಾಕುವುದು ಒಂದು ಇರಲಿ. ಎಳೆಯುವ ಕಡೆಗೆಲ್ಲ ಸಣ್ಣ ಕಣ್ಣಿನ ಫಿಲ್ಟರ್. ಹೀಗೆ ಮಾಡಿದರೆ ಒಳಗೆ ಒತ್ತಡ ಸ್ವಲ್ಪ ಜಾಸ್ತಿ ಇದ್ದು, ಸಂದುಗೊಂದುಗಳಿಂದ ಗಾಳಿ ಹೊರಗೆ ಬರುತ್ತದೆಯೇ ಹೊರತು ದೂಳು ಒಳಗೆ ನುಗ್ಗುವುದಿಲ್ಲ. ಫಿಲ್ಟರನ್ನು ಎರಡು ತಿಂಗಳಿಗೊಮ್ಮೆ, ಆಲೆಮನೆ ಓಡುವಾಗ ತಿಂಗಳಿಗೊಮ್ಮೆ, ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ವರ್ಷಕ್ಕೊಮ್ಮೆ ಒಳಗೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ಗಾಳಿಗೆ ಹುಚ್ಚೆದ್ದು ತಿರುಗಿ ಬೇರಿಂಗ್ ಹೋಗುತ್ತದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸುವುದು ನಾಲ್ಕೈದು ವರ್ಷದ ಮಾತು. ಸದ್ದು ಮಾಡುವ ಫ್ಯಾನಿಗೆ ಹೊಲಿಗೆ ಮಿಷನ್ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲಿದೆ. ಒಂದೆರಡು ವಾರ ಸುಮ್ಮನಾಗುತ್ತದೆ, ಆಮೇಲೆ ಎಣ್ಣೆಗೆ ದೂಳು ಸೇರಿ ಮೊದಲಿಗಿಂತ ಜೋರು. ಹೊಸ ಫ್ಯಾನ್ ಹಾಕಿ.

ಫಿಲ್ಟರಿಗೆ ಇನ್ನೊಂದು ಕೆಲಸವೂ ಇದೆ: ಹಲ್ಲಿ. ನಗಬೇಡಿ. ಹಲ್ಲಿಗೆ ಬೆಚ್ಚನೆ ಜಾಗ ಅಂದರೆ ಪ್ರಾಣ. ಆನ್ ಆಗದ ಪಿಸಿಯೊಂದನ್ನು ಬಿಚ್ಚಿ ನೋಡಿದರೆ ಬೋರ್ಡಿನ ಪಿನ್ನುಗಳಿಗೆ ಅಡ್ಡ ಬಿದ್ದು ಒಣಗಿದ ಮರಿ ಹಲ್ಲಿ ಸಿಕ್ಕಿತ್ತು. ಬೋರ್ಡೂ ಹೋಗಿತ್ತು, ಹಲ್ಲಿಯೂ ಹೋಗಿತ್ತು. ಹಿಂದುಗಡೆ ಖಾಲಿ ಬಿಟ್ಟ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಹಾಕಿದ್ದಾರಾ ಅಂತ ಜೋಡಿಸಿದ ದಿನವೇ ನೋಡಿಕೊಳ್ಳಿ.

ಗೋಡೆಯಲ್ಲಿ ಕಡಪ ಕಲ್ಲಿನ ಶೆಲ್ಫ್ ಇದ್ದರೆ ಅದೇ ಒಳ್ಳೆ ಜಾಗ. ಕಲ್ಲು ಅದುರುವುದಿಲ್ಲ. ತೆಳು ಪ್ಲೈವುಡ್ ಟೇಬಲ್ ಆದರೆ ಫ್ಯಾನಿನ ಸಣ್ಣ ನಡುಕವನ್ನೂ ತಮಟೆಯ ಹಾಗೆ ದೊಡ್ಡದು ಮಾಡುತ್ತದೆ, ಆಗ ಕೇಸಿನ ಕಾಲಿನ ಕೆಳಗೆ ಹಳೇ ಮೌಸ್‌ಪ್ಯಾಡ್ ಕತ್ತರಿಸಿ ಇಡಿ. ಶೆಲ್ಫಿಗೆ ಬಾಗಿಲಿದ್ದರೆ ಕಿತ್ತುಹಾಕಿ. ಕೇಸಿನ ಹಿಂದೆ ಮೂರ್ನಾಲ್ಕು ಇಂಚು ಜಾಗ ಬೇಕು, ಕೇಬಲ್ಲಿಗೂ ಬಿಸಿ ಗಾಳಿಗೂ. ಲಿಯಾನ್ ಲಿ ಎ3 ಉದ್ದವೇ ಹದಿನೇಳೂವರೆ ಇಂಚು ಹತ್ತಿರ ಇದೆ, ಟೇಪ್ ಹಿಡಿದು ಅಳೆದು ಆಮೇಲೆ ದುಡ್ಡು ಕೊಡಿ. ಶೆಲ್ಫ್ ಅಷ್ಟು ಆಳ ಇಲ್ಲದಿದ್ದರೆ ಟೇಬಲ್ಲೇ ಗತಿ.

ಕರೆಂಟಿನ ವಿಷಯ ಚುಟುಕಾಗಿ. ಮೊದಲು ಆ ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುವುದುಂಟು. ಪಿಸಿ ಅಂಗಡಿಗಳಲ್ಲಿ ತೋರಿಸುವ 600 ವಿಎ ಯುಪಿಎಸ್ ಸಾಲದು, ಅದು ಕೊಡುವುದು 360 ವ್ಯಾಟ್ ಆಸುಪಾಸು, ಮಾನಿಟರ್ ಸೇರಿದರೆ ಅಂಚಿಗೆ ಬರುತ್ತದೆ. 1000 ವಿಎಯದು, ಆದರೆ ಪ್ಯೂರ್ ಸೈನ್‌ವೇವ್‌ನದು (ಮನೆ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು) ನೋಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ ಒಮ್ಮೆ ಪರೀಕ್ಷೆ ಮಾಡಬಹುದು. ಕರೆಂಟು ಹೋದ ಕ್ಷಣದಲ್ಲಿ ಪವರ್ ಸಪ್ಲೈ ದಮ್ಮು ಕಟ್ಟಿಕೊಂಡು ಇರುವುದು 16 ಮಿಲಿಸೆಕೆಂಡು ಹತ್ತಿರ. ಇನ್ವರ್ಟರ್ ಅಷ್ಟರೊಳಗೆ ಬಂದರೆ ಪಿಸಿ ಆಫ್ ಆಗಲ್ಲ. ಬಿಲ್ಲಿನ ಲೆಕ್ಕ ಕೇಳಿಲ್ಲ ನೀವು, ಮನೆಯವರು ಕೇಳುತ್ತಾರೆ. 250 ವ್ಯಾಟ್, ದಿನಕ್ಕೆ 3 ಗಂಟೆ ಅಂದರೆ ತಿಂಗಳಿಗೆ 22 ಯೂನಿಟ್ ಚಿಲ್ಲರೆ. ಗೃಹಜ್ಯೋತಿ ಮನೆಯಾಗಿದ್ದು 200 ಯೂನಿಟ್ ಗೆರೆಯ ಹತ್ತಿರ ಇದ್ದರೆ ಹುಷಾರು, ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಇಷ್ಟೆಲ್ಲ ಕೊಂಡು ಜೋಡಿಸಿದ ಮೇಲೆ ಒಂದು ಸಂಜೆ ಸೆಟ್ಟಿಂಗ್‌ಗೆ ಇಡಿ. ದುಡ್ಡು ಕೊಟ್ಟು ತಂದ ಸಾಮಾನಿಗಿಂತ ಜಾಸ್ತಿ ಸದ್ದು ಇಳಿಸುವುದು ಈ ಒಂದು ಸಂಜೆ. ಮೊದಲನೆಯದು ಫ್ರೇಮ್ ಮಿತಿ. ನಿಮ್ಮ ಮಾನಿಟರ್ ತೋರಿಸುವುದು ಸೆಕೆಂಡಿಗೆ 75 ಚಿತ್ರ. ಮಿತಿ ಹಾಕದಿದ್ದರೆ ವ್ಯಾಲೊರೆಂಟ್ ಮುನ್ನೂರು ಚಿತ್ರ ತಯಾರಿಸಿ, ಮುಕ್ಕಾಲು ಪಾಲನ್ನು ಬಿಸಾಕುತ್ತದೆ. ಆ ಬಿಸಾಕಿದ್ದಕ್ಕೂ ಕರೆಂಟು, ಬಿಸಿ, ಸದ್ದು. ಕಾರ್ಡಿನೊಳಗಿಂದ ಕೀರಲು ಸದ್ದು ಬರುವುದೂ ಹೀಗೆ ಮಿತಿ ಇಲ್ಲದೆ ಓಡಿದಾಗಲೇ ಜಾಸ್ತಿ. ಗುರಿ ಹಿಡಿಯುವವರಿಗೆ ಜಾಸ್ತಿ ಫ್ರೇಮ್‌ನಿಂದ ಸ್ವಲ್ಪ ಲಾಭ ಇದೆ ಅನ್ನುವುದು ನಿಜ, ಹಗಲಲ್ಲಿ 150 ಇಟ್ಟುಕೊಳ್ಳಿ. ಅಜ್ಜಿ ಮಲಗಿದ ಮೇಲೆ 75.

ಎರಡನೆಯದು, ಕಾರ್ಡಿನ ಡ್ರೈವರ್‌ನಲ್ಲೇ ಪವರ್ ಮಿತಿಯನ್ನು ಅದು ಬಿಡುವಷ್ಟು ಕೆಳಗೆ ಎಳೆಯಿರಿ, ವೋಲ್ಟೇಜನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಿ. ಆಟ ತಾನಾಗೇ ಮುಚ್ಚಿಕೊಂಡರೆ ಒಂದು ಮೆಟ್ಟಿಲು ವಾಪಸ್ ಬನ್ನಿ. ಕಾರ್ಖಾನೆಯಿಂದ ಬರುವಾಗ ಎಲ್ಲ ಚಿಪ್ಪಿಗೂ ಸ್ವಲ್ಪ ಜಾಸ್ತಿ ವೋಲ್ಟೇಜ್ ಕೊಟ್ಟೇ ಕಳಿಸಿರುತ್ತಾರೆ, ಸೋಮಾರಿ ಚಿಪ್ಪೂ ಪಾಸಾಗಲಿ ಅಂತ. ಪ್ರೊಸೆಸರಿಗೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಇಕೋ ಮೋಡ್ ಅಂತ ವ್ಯಾಟ್ ಮಿತಿ ಇಳಿಸುವ ಆಯ್ಕೆ ಇದೆ, ಅದನ್ನು ಹಾಕಿಬಿಡಿ.

ಮೂರನೆಯದು ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಲೆಕ್ಕ. ರೈಜೆನ್ ಒಂದು ಬ್ರೌಸರ್ ತೆರೆದರೂ ಎರಡು ಸೆಕೆಂಡು ಬಿಸಿಯಾಗಿ ಇಳಿಯುತ್ತದೆ. ಫ್ಯಾನು ಅದರ ಹಿಂದೆಯೇ ಏರಿ ಇಳಿದು ಉಸ್ಸ್, ಬುಸ್ಸ್ ಅನ್ನುತ್ತಿರುತ್ತದೆ. ಒಂದೇ ಸಮನೆ ಬರುವ ಸಣ್ಣ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿಯುವ ಸದ್ದಿಗೆ ನಿದ್ದೆಯಲ್ಲಿದ್ದವರೂ ಎಚ್ಚರವಾಗುತ್ತಾರೆ. ಅದಕ್ಕೇ 70 ಡಿಗ್ರಿವರೆಗೂ ಫ್ಯಾನನ್ನು 700 ಸುತ್ತಿಗೆ ಕಟ್ಟಿಹಾಕಿ. ಆಮೇಲೆ ನಿಧಾನವಾಗಿ 1000ದವರೆಗೆ ಏರಲಿ. 85 ದಾಟಿದರೆ ಮಾತ್ರ ಪೂರ್ತಿ. ಬದಲಾವಣೆಗೆ ಕೆಲವು ಸೆಕೆಂಡು ತಡ ಕೊಡುವ ಆಯ್ಕೆಯೂ ಬಯಾಸ್‌ನಲ್ಲಿ ಇರುತ್ತದೆ. ಕರ್ವನ್ನು ಏಪ್ರಿಲ್ ಮಧ್ಯಾಹ್ನ ಒಮ್ಮೆ, ಡಿಸೆಂಬರ್ ರಾತ್ರಿ ಒಮ್ಮೆ ಪರೀಕ್ಷೆ ಮಾಡಬೇಕು. ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನಿನ ಸದ್ದಲ್ಲಿ ಪಿಸಿಯದು ಮುಚ್ಚಿಹೋಗುತ್ತದೆ. ಚಳಿಗಾಲದಲ್ಲಿ ಆ ಫ್ಯಾನ್ ಆಫ್ ಆದಾಗಲೇ ನಿಜ ಬಣ್ಣ ತಿಳಿಯುವುದು.

ಕೊಳ್ಳುವಾಗ ಎಲ್ಲದಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೇಳಿ. ಮೊದಲ ಸಲ ಆನ್ ಮಾಡಿದಾಗ ಈ ಬೋರ್ಡುಗಳು ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಪರದೆ ಕಪ್ಪಾಗೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಒಂದು ಲೋಟ ಕಾಫಿ ಕುಡಿದು ಬನ್ನಿ.